ಕಾವಲಿನ ಪಾಳಿ

ಸಾಗರ ದಾಟುವ ಹಾಯಿದೋಣಿ ಪಂದ್ಯ ಮುಗಿಸಿ ಬೂಕನಕೆರೆಯ ಮನೆಗೆ ಹೊರಟವನು ಮಧ್ಯಾಹ್ನ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ನೆಲ ಮುಟ್ಟಿ ವಾರವಾಗಿದ್ದರೂ ಕಲ್ಲುಬೆಂಚು ತೂಗಾಡುತ್ತಿದೆ ಅನ್ನಿಸುತ್ತಿತ್ತು; ನಿದ್ದೆಯೂ ಇನ್ನೂ ಹಳಿಗೆ ಬಂದಿರಲಿಲ್ಲ. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲ.

ನಮ್ಮ ದೋಣಿಯಲ್ಲಿ ಸಂಬಳದ ನಾವಿಕರು ಮೂವರೇ. ಉಳಿದವರೆಲ್ಲ ನನ್ನಂಥ ಹವ್ಯಾಸಿಗಳು. ಕಾವಲು ಮಾತ್ರ ಎಲ್ಲರಿಗೂ ಒಂದೇ. ನಾಲ್ಕು ಗಂಟೆ ದುಡಿತ, ನಾಲ್ಕು ಗಂಟೆ ನಿದ್ದೆ. ಪಾಳಿ ಬಂತೆಂದರೆ ಕಪ್ತಾನ ಜ್ವರದಲ್ಲಿದ್ದವನನ್ನೂ ಕಾಲು ಹಿಡಿದು ಎಳೆಯುತ್ತಿದ್ದ.

ಪಕ್ಕದಲ್ಲಿದ್ದ ವಯಸ್ಸಾದ ರೈತರು ನನ್ನ ಕೆಂಪಡರಿದ ಕಣ್ಣು ನೋಡಿ, "ಎಲ್ಲಿಂದ ಬತ್ತಿದ್ದೀರಪ್ಪ?" ಎಂದರು. ಹೇಳಿದೆ. ನಾಲೆ ನೀರಿನ ಪಾಳಿಗೆ ನಿದ್ದೆಗೆಟ್ಟವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

"ಮನೀಕಳಿ, ನಾನ್ ನೋಡ್ಕತ್ತೀನಿ. ಬೂಕನಕೆರೆ ಬಸ್ಸು ಬಂದೇಟ್ಗೆ ಏಳುಸ್ತೀನಿ" ಎಂದು ನನ್ನ ಚೀಲವನ್ನು ತಮ್ಮ ತೊಡೆಗೆ ಎಳೆದುಕೊಂಡರು.

ಕಣ್ಣು ಬಿಟ್ಟಾಗ ಬಿಸಿಲು ಬೆಂಚಿನಿಂದ ಇಳಿದುಹೋಗಿತ್ತು.

"ಬಸ್ಸು ಬರಲಿಲ್ಲವೇ?"

"ಬಂದು ಓಯ್ತು. ಏಳ್ಸಕೆ ಮನಸು ಬರ್ನಿಲ್ಲ."

ಸಿಟ್ಟು ನೆತ್ತಿಗೇರಿತು. "ನೀವೆಲ್ಲಿಗೆ ಹೋಗಬೇಕು?" ಎಂದು ಒರಟಾಗಿಯೇ ಕೇಳಿದೆ.

ಚೀಲವನ್ನು ತೊಡೆಯಿಂದ ಇಳಿಸದೆಯೇ ಹೇಳಿದರು: "ನಂದೂ ಅದೇ ಬಸ್ಸು, ಬುಡಿ."