ಬೋಳು ಕಂಪ್ಯೂಟರಿನಲ್ಲಿ ಗಿಳಿ

ಆಫೀಸಿನಲ್ಲಿ ಅವಳಿಗೆ ಗಂಟಕ್ಕ ಅಂತಲೇ ಹೆಸರು. ಬೇರೆಯವರು ಬರೆದ ಪ್ರೋಗ್ರಾಮನ್ನು ಗಂಟು ಕಟ್ಟಿ ಗಿರಾಕಿಯ ಕಂಪ್ಯೂಟರಿಗೆ ಮುಟ್ಟಿಸುವುದು ಅವಳ ಕೆಲಸ. "ಅದರಲ್ಲೇನಿದೆ ಮಹಾ? ಫೈಲು ತುಂಬಿ ಕಳಿಸೋದು ತಾನೇ?" ಅಂತ ಮಾಲೀಕನ ಬಾಮೈದ ಬಂದವರೆದುರಿಗೆಲ್ಲ ಆಡಿಕೊಳ್ಳುತ್ತಿದ್ದ. ಏನಿದೆಯಂತೆ! ಒಂದು ದಿನ ಕೂತು ಕಟ್ಟಲಿ, ಗೊತ್ತಾಗುತ್ತೆ.

ಯಾವ ಪ್ರೋಗ್ರಾಮೂ ಸ್ವಂತ ಕಾಲ ಮೇಲೆ ನಿಲ್ಲುವುದಿಲ್ಲ. ಅಕ್ಷರ ಮೂಡಿಸೋಕೆ ಒಂದು, ಪ್ರಿಂಟ್ ತೆಗೆಯೋಕೆ ಒಂದು, ಹೀಗೆ ಯಾರೋ ಎಂದೋ ಬರೆದಿಟ್ಟ, ಲೈಬ್ರರಿ ಅನ್ನುವ ಸಿದ್ಧ ತುಣುಕುಗಳನ್ನು ನೆಚ್ಚಿಕೊಂಡೇ ಅದು ನಡೆಯೋದು. ಬರೆದವರ ಕಂಪ್ಯೂಟರಿನಲ್ಲಿ ಅವೆಲ್ಲ ಮೊದಲೇ ಬಿದ್ದಿರುತ್ತವೆ. ಗಿರಾಕಿಯದರಲ್ಲಿ ಇರುವುದಿಲ್ಲ. ಇದನ್ನು ಮನೆಯಲ್ಲಿ ವಿವರಿಸಿದಾಗ ಅತ್ತೆ ಒಲೆಯ ಮುಂದಿನಿಂದಲೇ, "ಬೇರೆಯವರ ಮನೇಲಿ ಅಡುಗೆ ಮಾಡೋಕೆ ಹೊರಟು ಉಪ್ಪು ಮರೆತ ಹಾಗೆ ಅನ್ನು. ನಮ್ಮನೇಲಿ ಯಾವಾಗ್ಲೂ ಇರುತ್ತಲ್ಲ, ನೆನಪೇ ಆಗಲ್ಲ" ಅಂದಿದ್ದರು.

ಉಪ್ಪು ಬಂದಿದೆಯೋ ಇಲ್ಲವೋ ನೋಡಲಿಕ್ಕೆಂದೇ ಅವಳ ಮೇಜಿನ ಪಕ್ಕ ಒಂದು ಬೋಳು ಕಂಪ್ಯೂಟರ್ ಇತ್ತು. ಅದರಲ್ಲಿ ಏನೂ ಇರಕೂಡದು. ಕಟ್ಟಿದ ಗಂಟನ್ನು ಅಲ್ಲಿ ಬಿಚ್ಚಿದಾಗ ಪ್ರೋಗ್ರಾಮು ಓಡಿದರೆ ಎಲ್ಲಿ ಬೇಕಾದರೂ ಓಡೀತು. ಅವಳು ಮೊದಲು ಸೇರಿದ್ದು ಗಿರಾಕಿಗಳ ಫೋನೆತ್ತಿ ಬೈಗುಳ ತಿನ್ನುವ ಕೆಲಸಕ್ಕೆ. ಏನು ಬಿಟ್ಟುಹೋದರೆ ಏನು ಕೆಡುತ್ತದೆ ಅನ್ನುವುದನ್ನು ಆ ಬೈಗುಳಗಳಿಂದಲೇ ಕಲಿತವಳು. ಆಮೇಲೆ ಹಠ ಹಿಡಿದು, ಮಾಲೀಕನ ತಲೆ ತಿಂದು, ಈ ಕಂಪ್ಯೂಟರ್ ಹಾಕಿಸಿಕೊಂಡಿದ್ದಳು. ಅದರ ಹತ್ತಿರ ಯಾರಾದರೂ ಪೆನ್‌ಡ್ರೈವ್ ಹಿಡಿದು ಸುಳಿದರೆ ಸಾಕು, ಹಾವು ತುಳಿದವಳಂತೆ ಹಾರಿ ಬೀಳುತ್ತಿದ್ದಳು. ಮೂಗಿನ ತುದೀಲೇ ಕೋಪ ಅನ್ನುತ್ತಿದ್ದರು. ಅನ್ನಲಿ.

ಅವತ್ತು ಬೆಳಗ್ಗೆ ನೀರು ಸರಬರಾಜು ಕಚೇರಿಯಿಂದ ಫೋನು. ಅಲ್ಲಿ ದೂರು ಬರೆದುಕೊಳ್ಳುವ ಆಪರೇಟರಮ್ಮನಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನು ಇವರ ಆಫೀಸಿನ ಪ್ರೋಗ್ರಾಮೇ ಗಟ್ಟಿಯಾಗಿ ಓದಿ ಹೇಳುತ್ತದೆ, ಆಕೆ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಪಟಪಟ ಟೈಪ್ ಮಾಡುತ್ತಾಳೆ. ಹಿಂದಿನ ಸಂಜೆ ಬಾಮೈದ ಹೋಗಿ, ಗಂಟಕ್ಕ ಕಟ್ಟಿಕೊಟ್ಟ ಹೊಸ ಆವೃತ್ತಿ ಹಾಕಿ ಬಂದಿದ್ದ. ಬೆಳಗ್ಗೆ ಅದು ತುಟಿ ಪಿಟಕ್ಕೆನ್ನಲಿಲ್ಲ.

"ಸಾಹೇಬರು ನನ್ನ ಕುರ್ಚೀಲಿ ಬೇರೆಯವರನ್ನ ಕೂರಿಸಿದ್ದಾರೆ ಮೇಡಂ," ಅಂದಳು ಆಪರೇಟರಮ್ಮ. "ಇವತ್ತು ಸರಿಹೋಗದಿದ್ರೆ ನನ್ನನ್ನ ಹಿಂದಿನ ಕೋಣೆಗೆ ಹಾಕ್ತಾರಂತೆ. ಅಲ್ಲಿ ಕೆಲಸವೇ ಇಲ್ಲ. ಗೋಡೆ ಕಾಯ್ಕೊಂಡು ಕೂರೋಕೆ ನಾನು ಸೇರಿದ್ದಲ್ಲ."

ಗಂಟಕ್ಕ ಅದೇ ಗಂಟನ್ನು ಬೋಳು ಕಂಪ್ಯೂಟರಿನಲ್ಲಿ ಬಿಚ್ಚಿದಳು. ಲಕ್ಷಣವಾಗಿ ಓದಿತು! ಅಲ್ಲಿ ಮೂಕ, ಇಲ್ಲಿ ವಾಚಾಳಿ. ಇದೇನು ಗ್ರಹಚಾರ ಅಂತ ಒಳಗೆಲ್ಲ ತಡಕಾಡಿದರೆ ಮೂಲೆಯಲ್ಲೊಂದು ಹಸಿರು ಗಿಳಿ ಸಿಕ್ಕಿತು. ಟೈಪ್ ಮಾಡಿದ್ದನ್ನೆಲ್ಲ ತಿರುಗಿ ಹೇಳುವ ಮಕ್ಕಳಾಟ. ತನ್ನ ಜೊತೆಗೆ ಒಂದು ಧ್ವನಿಯ ಲೈಬ್ರರಿಯನ್ನೂ ತಂದು ಸಂಸಾರ ಹೂಡಿತ್ತು. ಹೊಸ ಆವೃತ್ತಿಗೆ ಬೇಕಾಗಿದ್ದೂ ಅದೇ ಲೈಬ್ರರಿ. ಬರೆದವರು ಹಳೆಯದನ್ನು ಬಿಟ್ಟು ಇದಕ್ಕೆ ಬದಲಾಯಿಸಿದ್ದನ್ನು ಅವಳಿಗೆ ಹೇಳಿರಲಿಲ್ಲ. ಅವರು ಹೇಳುವುದಿಲ್ಲ ಅಂತಲೇ ಅಲ್ಲವೇ ಬೋಳು ಕಂಪ್ಯೂಟರ್ ಇಟ್ಟುಕೊಂಡಿದ್ದು! ಗಂಟಿನಲ್ಲಿ ಇಲ್ಲದ್ದನ್ನು ಗಿಳಿಯಿಂದ ಎರವಲು ತೆಗೆದುಕೊಂಡು ಪ್ರೋಗ್ರಾಮು ಪರೀಕ್ಷೆ ಪಾಸು ಮಾಡಿತ್ತು.

"ಇದನ್ನ ಇಲ್ಲಿ ಹಾಕಿದ್ದು ಯಾರು?"

"ನಾನೇ ಅಕ್ಕ," ಬಾಮೈದ ಹಲ್ಲು ಕಿರಿದ. "ಮೊನ್ನೆ ನೀವು ಊಟಕ್ಕೆ ಹೋದಾಗ. ಬಂದ ಗಿರಾಕಿಗಳಿಗೆ ಹೊತ್ತು ಹೋಗ್ಲಿ ಅಂತ. ಹೇಗೂ ಖಾಲಿ ಬಿದ್ದಿತ್ತಲ್ಲ."

"ಖಾಲಿ ಇರೋದೇ ಅದರ ಕೆಲಸ ಕಣಯ್ಯಾ!" ಅಂತ ಅವಳು ಕೂಗಿದ್ದು ಮೆಟ್ಟಿಲಿನವರೆಗೂ ಕೇಳಿಸಿತು.

ಗಿಳಿಯನ್ನು ಕಿತ್ತೆಸೆದು, ಕಂಪ್ಯೂಟರನ್ನು ಮತ್ತೆ ಬೋಳು ಮಾಡಿ, ಲೈಬ್ರರಿ ಸೇರಿಸಿ ಹೊಸ ಗಂಟು ಕಟ್ಟಿ, ಓಡಿಸಿ ನೋಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಎದ್ದಳು. ಮಾಲೀಕನೇ ಕಾರು ತೆಗೆದ. ದಾರಿಯುದ್ದಕ್ಕೂ ಅವನದು ಒಂದೇ ಪಲ್ಲವಿ: "ಅಲ್ಲಿ ನೀವು ಬಾಯಿ ಹಾಕ್ಬೇಡಿ. ನಾನು ನೋಡ್ಕೋತೀನಿ."

ಏನು ನೋಡಿಕೊಂಡ ಅಂತೀರಿ? ಸಾಹೇಬರ ಮುಂದೆ ಕೂತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಶುರು ಮಾಡಿದ. "ನಮ್ಮ ಕಡೆ ಏನೂ ತಪ್ಪಿಲ್ಲ ಸಾರ್. ಪಾಪ, ಅವರಿಗೆ ಕಣ್ಣು ಕಾಣಲ್ಲ ನೋಡಿ, ಕೈತಪ್ಪಿ ಯಾವುದೋ ಕೀ ಒತ್ತಿರ್ತಾರೆ."

"ನಂಗೂ ಹಾಗೇ ಅನ್ನಿಸ್ತು," ಸಾಹೇಬರು ತಲೆಯಾಡಿಸಿದರು. "ಅದಕ್ಕೇ ಹಿಂದಿನ ಕೋಣೇನೇ ವಾಸಿ ಅಂದೆ. ಅವರಿಗೂ ನಿರಾಳ."

ಆಪರೇಟರಮ್ಮ ಬಾಗಿಲಲ್ಲೇ ನಿಂತಿದ್ದಳು, ಚೀಲ ಎದೆಗವಚಿಕೊಂಡು. ಕಣ್ಣು ಕಾಣದಿದ್ದರೇನು, ಕಿವಿ ಇಲ್ಲವೇ ಆಕೆಗೆ? ಎದುರಿಗೇ ನಿಂತವಳ ಬಗ್ಗೆ, ಆಕೆ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಇಬ್ಬರೂ ಮಾತಾಡುತ್ತಿದ್ದರು.

ಗಂಟಕ್ಕನ ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಗಂಡನ ಅಂಗಡಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ಅವಳೊಬ್ಬಳ ದುಡಿಮೆಯಲ್ಲಿ, ಬಾಯಿ ಬಿಟ್ಟರೆ ಅದೂ ಹೋಗುತ್ತದೆ. ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಳು.

"ಸುಳ್ಳು ಸಾರ್. ಆಕೆ ಏನೂ ಒತ್ತಿಲ್ಲ. ಮಾತಾಡೋಕೆ ಬೇಕಾದ್ದನ್ನೇ ನಾವು ಬಿಟ್ಟು ಕಳಿಸಿದ್ವಿ. ತಪ್ಪು ನಮ್ಮದು, ಪೂರ್ತಿ ನಮ್ಮದೇ."

ಮಾಲೀಕನ ಮುಖ ಕಪ್ಪಿಟ್ಟಿತು. "ನಾಳೆಯಿಂದ ನೀವು ಬರೋದು ಬೇಡ," ಅಂದ, ಹಲ್ಲು ಕಚ್ಚಿ. ಸಾಹೇಬರು ಕೆಮ್ಮಿದರು, ಆಪರೇಟರಮ್ಮನ ಕುರ್ಚಿಯಲ್ಲಿ ಕೂರಿಸಿದ್ದವನನ್ನು ತಾವೇ ಹೋಗಿ ಎಬ್ಬಿಸಿದರು. ಗಂಟಕ್ಕ ಹೊಸ ಗಂಟು ಬಿಚ್ಚಿದಳು. ಆಪರೇಟರಮ್ಮ ಕೂತು, ಹೆಡ್‌ಫೋನಿನ ಒಂದು ಬದಿಯನ್ನಷ್ಟೇ ಕಿವಿಗಿಟ್ಟು ಕೇಳಿದಳು. ಮಾತು ಬರುತ್ತಿತ್ತು.

"ನಿಮಗೋಸ್ಕರ ಇವರು ಕೆಲಸಾನೇ ಕಳ್ಕೊಂಡ್ರು ನೋಡಿ," ಅಂದರು ಸಾಹೇಬರು. "ಒಂದು ಥ್ಯಾಂಕ್ಸ್ ಹೇಳಿ."

ಗಂಟಕ್ಕನೂ ಒಂದು ಒಳ್ಳೆಯ ಮಾತಿಗೆ ಕಾದಳು. ಯಾಕೆ ಸುಳ್ಳು ಹೇಳಬೇಕು?

"ಥ್ಯಾಂಕ್ಸಾ?" ಆಪರೇಟರಮ್ಮ ದನಿಯ ಕಡೆ ಮುಖ ತಿರುಗಿಸಿದಳು. "ನಾನೇನೂ ಒತ್ತಿಲ್ಲ, ಇವರು ಹಾಕಿದ್ದರಲ್ಲೇ ಏನೋ ಬಿಟ್ಟುಹೋಗಿದೆ ಅಂತ ಬೆಳಗ್ಗೆಯಿಂದ ಬಡ್ಕೋತಿದೀನಿ ಸಾರ್. ನಿಮ್ಮ ಕಿವಿಗೆ ಬೀಳ್ಲಿಲ್ಲ. ಕಣ್ಣಿರೋರು ಒಂದು ಸಲ ಹೇಳಿದ್ರು, ಬಿತ್ತು." ಆಮೇಲೆ ಗಂಟಕ್ಕನ ಕಡೆಗೆ: "ಫೋನ್ ಎತ್ತಿದ ತಕ್ಷಣ ನೀವು ಕೇಳಿದ್ದೂ ಅದೇ ಮೇಡಂ. ಏನಾದ್ರೂ ತಪ್ಪಾಗಿ ಒತ್ತಿಬಿಟ್ರಾ ಅಂತ."

ಹೌದು, ಕೇಳಿದ್ದಳು.

"ಈಗ ಎಲ್ಲರೂ ಸ್ವಲ್ಪ ಆಚೆ ಹೋಗಿ," ಅಂದಳು ಆಪರೇಟರಮ್ಮ, ಇನ್ನೊಂದು ಕಿವಿಯನ್ನೂ ಮುಚ್ಚಿಕೊಳ್ಳುತ್ತಾ. "ನಂಗೆ ಕೆಲಸ ಇದೆ."