ಹಗ್ಗದ ಮುನಿಶಾಮಯ್ಯ

ಮಾಗಡಿಯಿಂದ ತಿಪ್ಪಸಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಬಂದು ನಮ್ಮೂರಲ್ಲಿ ಇಳಿದು, ಮುನಿಶಾಮಯ್ಯನವರ ಮನೆ ಯಾವುದು ಅಂತ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಹಗ್ಗದ ಮುನಿಶಾಮಯ್ಯ ಎಂದರೆ ತಕ್ಷಣ ಕೈ ತೋರಿಸುತ್ತಾರೆ. ತುಸು ಮೆಲ್ಲಗೆ ಕೇಳುವುದು ಒಳ್ಳೆಯದು. ಅವರ ಕಿವಿಗೆ ಬಿದ್ದರೆ ಕೇಳಿದವರ ಮೂರು ತಲೆಮಾರಿನ ವಿಚಾರಣೆ ಆಗುತ್ತದೆ.

ಆ ಹೆಸರಿಗೆ ಕಾರಣ ಅವರದೇ ಬಾಯಿ. ಎಪ್ಪತ್ತೊಂದರ ಯುದ್ಧದಲ್ಲಿ ಅವರು ನೌಕಾಪಡೆಯ ಪುಟ್ಟ ಕ್ಷಿಪಣಿ ದೋಣಿಯೊಂದರಲ್ಲಿದ್ದರು. ಪುಟ್ಟದಾದರೂ ಓಡಲು ಶುರು ಮಾಡಿದರೆ ಹಿಂದೆ ನೀರು ಮನೆಯೆತ್ತರ ಎದ್ದು ನಿಲ್ಲುತ್ತಿತ್ತಂತೆ. ರಜೆಗೆ ಬಂದವರು ಅರಳೀಕಟ್ಟೆಯ ಮೇಲೆ ಕೂತು ಇದನ್ನೆಲ್ಲ ವರ್ಣಿಸುತ್ತಾ, ಬೇಡದ ಒಂದು ನಿಜವನ್ನೂ ಹೇಳಿಬಿಟ್ಟರು. ಅಷ್ಟು ದೂರ ಓಡಲು ದೋಣಿಯ ಡೀಸೆಲ್ ಸಾಲದು. ಅದಕ್ಕೇ ಶತ್ರುವಿನ ಬಂದರು ಹತ್ತಿರವಾಗುವವರೆಗೆ ದೊಡ್ಡ ಹಡಗೊಂದು ಹಗ್ಗ ಕಟ್ಟಿ ಅದನ್ನು ಎಳೆದುಕೊಂಡು ಹೋಯಿತು. ಹೊತ್ತು ಬಂದಾಗ ಆ ಹಗ್ಗ ಕಳಚುವುದೇ ಇವರ ಕೆಲಸ. ಕಳಚಿದರು, ದೋಣಿ ಹಾರಿತು, ಬೆಂಕಿ ಹಾಕಿ ಬಂತು.

ಕಟ್ಟೆಯ ಮೇಲೆ ಹೊಲಗದ್ದೆಯ ಧಣಿ ಮರಿಯಪ್ಪನವರೂ ಇದ್ದರು. "ಅಂದ್ರೆ ಎಮ್ಮೆ ಹಿಡ್ಕೊಂಡೋದಂಗೆ ನಿನ್ನ ಯುದ್ಧಕ್ಕೆ ಹಿಡ್ಕೊಂಡೋದ್ರು ಅನ್ಲಾ" ಎಂದರು. ಕಟ್ಟೆ ನಕ್ಕಿತು. ಕೆಳಗಿನ ಕೇರಿಯ ಹುಡುಗನೊಬ್ಬ ಬೂಟು ಹಾಕಿಕೊಂಡು ಅರಳೀಕಟ್ಟೆ ಹತ್ತಿ ಕೂತದ್ದೇ ಅಸಲು ಸಂಕಟ. ಹಗ್ಗ ಬರೀ ನೆಪ ಎಂಬುದು ನಕ್ಕವರಿಗೂ ಗೊತ್ತಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬೈಗುಳ ಮಾತ್ರ ಉಂಟು.

ಮುನಿಶಾಮಯ್ಯನವರ ಗತ್ತೂ ಕಡಿಮೆಯದಲ್ಲ. ನ್ಯಾಯಬೆಲೆ ಅಂಗಡಿಗೂ ಪದಕ ಹಾಕಿಕೊಂಡೇ ಹೋಗುತ್ತಾರೆ. ಅವರ ಜಗಲಿಗೆ ಡೆಕ್ ಎಂದು ಹೆಸರು. ಅಲ್ಲಿಂದ ಮುಸುರೆ ನೀರು ಚೆಲ್ಲಲು ಹೆಂಡತಿ ಚಿನ್ನಮ್ಮ ಅಪ್ಪಣೆ ಕೇಳಬೇಕು. ಆಕೆ ಕೇಳುವುದಿಲ್ಲ. ಸಮುದ್ರ ಗೆದ್ದು ಬಂದವರಿಗೆ ಮನೆಯ ನಲ್ಲಿಗೆ ವಾಷರ್ ಹಾಕಲು ಬರುವುದಿಲ್ಲವೆಂದು ಬೀದಿಗೆ ಕೇಳುವಂತೆ ಹೇಳಿ, ಚೆಲ್ಲುತ್ತಾರೆ.

ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಅವರಿಗಿದ್ದದ್ದು ಒಂದೇ ಆಸೆ. ಆಗಸ್ಟ್ ಹದಿನೈದರಂದು ಊರ ಶಾಲೆಯಲ್ಲಿ ಒಮ್ಮೆಯಾದರೂ ತಾನು ಬಾವುಟ ಹಾರಿಸಬೇಕು. ಆದರೆ ಅದು ಮರಿಯಪ್ಪನವರ ಖಾಯಂ ಹಕ್ಕು. ಎಂದೋ ಒಂದು ಅವಧಿಗೆ ಹಾಲಿನ ಸೊಸೈಟಿಯ ಅಧ್ಯಕ್ಷರಾಗಿದ್ದವರು, ಇವತ್ತಿಗೂ ಅಧ್ಯಕ್ಷರೇ. ಮುನಿಶಾಮಯ್ಯನವರಿಗೆ ಅವರು ದಯಪಾಲಿಸಿದ್ದು ಬೆಳಿಗ್ಗೆ ಬಾವುಟದೊಳಗೆ ಹೂವಿಟ್ಟು, ಗಂಟು ಕಟ್ಟಿ, ಕಂಬದ ತುದಿಗೇರಿಸುವ ಕೆಲಸ. ಹಗ್ಗದ ವಿಷಯದಲ್ಲಿ ಅವನಿಗೆ ಅನುಭವವಿದೆ ಎಂಬುದು ಕಾರಣ. ಕಟ್ಟಿ ಹಿಂದಿನ ಸಾಲಿಗೆ ಹೋಗಿ ನಿಲ್ಲಬೇಕು. ಅಧ್ಯಕ್ಷರು ಎಳೆಯಬೇಕು, ಹೂ ಉದುರಬೇಕು, ಊರು ಚಪ್ಪಾಳೆ ತಟ್ಟಬೇಕು.

ಹೋದ ವರ್ಷ ಹೊಸದಾಗಿ ಬಂದ ಹೆಡ್‌ಮೇಡಂ ತಾಹೇರಾ, ಯುದ್ಧಕ್ಕೆ ಹೋಗಿಬಂದವರೇ ಊರಲ್ಲಿರುವಾಗ ಅವರ ಕೈಯಿಂದಲೇ ಹಾರಿಸಬಾರದೇ ಎಂದು ಸಭೆಯಲ್ಲಿ ಕೇಳಿದರು. ಮರಿಯಪ್ಪನವರು ಬಾಗಿಲಲ್ಲಿ ನಿಂತಿದ್ದ ಮುನಿಶಾಮಯ್ಯನವರನ್ನು ನೋಡಿಕೊಂಡೇ ಉತ್ತರ ಕೊಟ್ಟರು.

"ಎಳೆಸ್ಕೊಂಡೋದವನ ಕೈಗೆ ಎಳೆಯೋ ಕೆಲ್ಸ ಹೆಂಗಮ್ಮ ಕೊಡೋದು?"

ಮುನಿಶಾಮಯ್ಯನವರು ತಿರುಗಿ ಬಯ್ಯಲಿಲ್ಲ. ಚಿನ್ನಮ್ಮನಿಗೆ ಗಾಬರಿಯಾದದ್ದು ಅದಕ್ಕೇ.

ಹದಿನೈದರ ಬೆಳಿಗ್ಗೆ ಅವರು ಎಂದಿನಂತೆ ಬಾವುಟ ಕಟ್ಟಿ ಏರಿಸಿದರು. ಮರಿಯಪ್ಪನವರು ಬಾವುಟದ ಕಟ್ಟೆ ಹತ್ತಿ, ಮೈಕಿನಲ್ಲಿ ಕೆಮ್ಮಿ, ಸ್ವಾತಂತ್ರ್ಯ ಬರಲು ತಮ್ಮ ತಂದೆಯವರು ಎರವಲು ಕೊಟ್ಟಿದ್ದ ಎತ್ತಿನಗಾಡಿಯನ್ನು ಸ್ಮರಿಸಿ, ಹಗ್ಗ ಎಳೆದರು. ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದರು. ಕಂಬ ಬಾಗಿತು, ರಾಟೆ ಕಿರುಗುಟ್ಟಿತು, ಬಾವುಟ ಮಾತ್ರ ಹಲಸಿನಕಾಯಿಯಂತೆ ಮುದುಡಿಕೊಂಡೇ ಇತ್ತು. ಸೆಲ್ಯೂಟ್ ಹೊಡೆದು ನಿಂತಿದ್ದ ಮಕ್ಕಳು ಕೈ ಬದಲಾಯಿಸತೊಡಗಿದರು. ಅಧ್ಯಕ್ಷರ ಬಿಳಿ ಜುಬ್ಬಾ ಬೆನ್ನಿಗೆ ಅಂಟಿತು.

"ಏನ್ಲಾ ಕಟ್ಟಿದ್ದೀಯ?" ಎಂದು ಅವರು ಹಲ್ಲು ಕಚ್ಚಿ ಕೇಳಿದ್ದು ಮೈಕಿನಿಂದಾಗಿ ಊರಿಗೆಲ್ಲ ಕೇಳಿಸಿತು.

"ನೇವಿ ಗಂಟು," ಎಂದರು ಮುನಿಶಾಮಯ್ಯ ಹಿಂದಿನ ಸಾಲಿನಿಂದ. "ನೀವು ಹಿಡ್ದಿರೋ ಎಳೆ ಎಳುದ್ರೆ ಇನ್ನೂ ಬಿಗೀತದೆ."

"ಸರಿ, ಬಂದು ಬುಚ್ಚೋಗು."

"ಬುಚ್ಚೋಗಕ್ಕೆ ಬರಲ್ಲ. ಹಗ್ಗ ಕೊಟ್ಟು ಕೆಳಕ್ಕಿಳೀರಿ, ಬತ್ತೀನಿ."

ತಾಹೇರಾ ಮೇಡಂ ಮಕ್ಕಳ ಕೈ ನೋಯುತ್ತಿದೆಯೆಂದು ವಿನಯದಿಂದ ನೆನಪಿಸಿದರು. ಅಧ್ಯಕ್ಷರು ಇಳಿದರು. ಮುನಿಶಾಮಯ್ಯನವರು ಬೂಟುಗಾಲಲ್ಲಿ ಕಟ್ಟೆ ಹತ್ತಿ, ಇನ್ನೊಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಹಸುವಿನ ಮೈಮೇಲಿನ ನೊಣ ಓಡಿಸುವಷ್ಟು ಮೆಲ್ಲಗೆ ಜಗ್ಗಿದರು. ಬಾವುಟ ಹಾರಿತು. ಗಾಳಿ ಆ ಕಡೆಗಿದ್ದುದರಿಂದ ಹೂವೆಲ್ಲ ಕೆಳಗಿದ್ದ ಅಧ್ಯಕ್ಷರ ತಲೆಯ ಮೇಲೇ ಬಿತ್ತು.

ಆಮೇಲೆ ಇಬ್ಬರೂ ಒಂದಾದರು ಎಂದು ಬರೆದರೆ ಊರವರು ನಗುತ್ತಾರೆ. ಬಾವುಟಕ್ಕೆ ಅವಮಾನ ಮಾಡಿದ್ದಾನೆ, ಪೊಲೀಸಿಗೆ ಕೊಡುತ್ತೇನೆ ಎಂದು ಮರಿಯಪ್ಪನವರು ತಿಂಗಳುಗಟ್ಟಲೆ ಕೂಗಾಡಿದರು. ಬಾವುಟ ಮೇಲೇ ಇತ್ತು, ಅವಮಾನವಾದದ್ದು ಕೆಳಗಿದ್ದವರಿಗೆ ಎಂಬುದು ಮುನಿಶಾಮಯ್ಯನವರ ವಾದ. ಜನವರಿ ಇಪ್ಪತ್ತಾರಕ್ಕೆ ಅವರ ಕೈಯಿಂದ ಕಟ್ಟುವ ಕೆಲಸವನ್ನೂ ಕಿತ್ತುಕೊಂಡು, ಮರಿಯಪ್ಪನವರ ಮಗ ನಟರಾಜುವಿಗೆ ಕೊಟ್ಟರು. ಮುನಿಶಾಮಯ್ಯ ಪದಕ ಹಾಕಿಕೊಂಡು ಹಿಂದಿನ ಸಾಲಿನಲ್ಲೇ ನಿಂತರು.

ಭಾಷಣ ಮುಗಿಸಿ ಹಗ್ಗ ಹಿಡಿದ ಅಧ್ಯಕ್ಷರು ತಕ್ಷಣ ಎಳೆಯಲಿಲ್ಲ. ಮೊದಲು ತಿರುಗಿ ಹಿಂದಿನ ಸಾಲನ್ನು ನೋಡಿದರು. ಮುನಿಶಾಮಯ್ಯನವರು ಏನೂ ಗೊತ್ತಿಲ್ಲದವರ ಹಾಗೆ ಕಂಬದ ತುದಿಯನ್ನೇ ನೋಡುತ್ತಿದ್ದರು.