ಎಡಗಡೆಯ ಕುರ್ಚಿ

ಬೆಳಕು ಇನ್ನೂ ಹರಿದಿಲ್ಲ. ವಿಜಯಪುರದ ಪಕ್ಕದ ಜಿಲ್ಲೆಯ ಪುಟ್ಟ ವಿಮಾನ ನಿಲ್ದಾಣದಲ್ಲಿ ದಾನೇಶ್ವರಿ ಬ್ಯಾಟರಿ ಹಿಡಿದು ತಮ್ಮ ವಿಮಾನಕ್ಕೆ ಒಂದು ಸುತ್ತು ಬರುತ್ತಿದ್ದಾರೆ. ಚಕ್ರಕ್ಕೆ ಬೆಳಕು ಬಿಡುತ್ತಾರೆ, ರೆಕ್ಕೆಯ ಕೆಳಗೆ ಬಗ್ಗುತ್ತಾರೆ, ಪಂಖದ ಅಲಗನ್ನು ಅಂಗೈಯಿಂದ ಸವರುತ್ತಾರೆ, ಹಾಲು ಹಿಂಡುವ ಮುನ್ನ ಎಮ್ಮೆಯ ಮೈ ಸವರುವವರ ಹಾಗೆ. ಎಪ್ಪತ್ತು ಸೀಟಿನ ಈ ವಿಮಾನಕ್ಕೆ ಪ್ರಯಾಣಿಕರು ನಡೆದೇ ಬರುತ್ತಾರೆ. ಇಳಕಲ್ ಸೀರೆಯ ಅಜ್ಜಿಯೊಬ್ಬರು ನಿಂತು ಕೇಳುತ್ತಾರೆ.

“ಯವ್ವಾ, ನೀನ ಹಾರಸಾಕಿ ಏನ?”

“ಹೌದ್ರಿ ಆಯಿ.”

“ಸಾವಕಾಶ ಹೊಡಿ ಮತ್ತ.”

ನಮ್ಮಜ್ಜಿಯ ಕಥೆಗಳಲ್ಲಿ ಆಕಾಶಕ್ಕೇರುವ ಹುಡುಗಿಯರಿಗೆ ಹಾರುವ ಕುದುರೆ ತಾನಾಗಿ ಮನೆ ಬಾಗಿಲಿಗೆ ಬರುತ್ತಿತ್ತು. ಘೋಣಸಗಿಯಲ್ಲಿ ಹುಟ್ಟಿದ ದಾನೇಶ್ವರಿಗೆ ಹಾಗೇನೂ ಬರಲಿಲ್ಲ. ಸರಕಾರದ ನೆರವಿನಿಂದ ತರಬೇತಿ ಮುಗಿಸಿ ಪರವಾನಗಿ ಪಡೆದ ಮೇಲೂ ಎರಡು ವರ್ಷ ಕೆಲಸವಿರಲಿಲ್ಲ. ತಿಕೋಟಾದ ಮಕ್ಕಳಿಗೆ ಗಣಿತ ಹೇಳಿಕೊಡುತ್ತ ಕಾದರು. ಕೊನೆಗೆ ಕರೆದದ್ದು ಈ ಸಣ್ಣ ಕಂಪನಿ. ಈಗ ಅವರು ಕೋ-ಪೈಲಟ್, ದಿನಕ್ಕೆ ನಾಲ್ಕು ಹಾರಾಟ.

ಈಗ ದೊಡ್ಡ ಕಂಪನಿಯೊಂದು ಕರೆದಿದೆ. ಜೆಟ್ ವಿಮಾನ, ಭದ್ರ ಕೆಲಸ. ಸೋಮವಾರದೊಳಗೆ ಉತ್ತರ ಹೇಳಬೇಕು. ಹೋದರೆ ಅಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು, ಕ್ಯಾಪ್ಟನ್ ಆಗುವುದು ಯಾವಾಗಲೋ. ಇಲ್ಲೇ ಉಳಿದರೆ ಮುಂದಿನ ವರ್ಷವೇ ಕ್ಯಾಪ್ಟನ್. ಆದರೆ ಈ ಕಂಪನಿಗಿರುವುದೇ ಐದು ವಿಮಾನ. ನಾಳೆ ಅದು ಮುಚ್ಚುವುದಿಲ್ಲ ಎಂದು ಹೇಳುವವರು ಯಾರೂ ಇಲ್ಲ.

ವಾರಾಂತ್ಯದ ರಜೆಗೆ ದಾನೇಶ್ವರಿ ವಿಜಯಪುರದ ಅಥಣಿ ರಸ್ತೆಯ ಮನೆಗೆ ಬಂದಿದ್ದಾರೆ; ಅವರ ಬಗ್ಗೆ ಬರೆಯಲೆಂದು ನಾನೂ ಜೊತೆಗೆ ಬಂದಿದ್ದೇನೆ. ತಾಯಿ ಚಂದ್ರಾಬಾಯಿ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಡುತ್ತಾರೆ: “ದೊಡ್ಡದಕ್ಕ ಹೋಗ ಬೇ. ನಿನ್ನ ಪಂಖಾದ ವಿಮಾನ ಸಪ್ಪಳಾ ಮಾಡಿದ್ರ ಹಿಟ್ಟಿನ ಗಿರಣಿ ನೆನಪಾಕ್ಕೈತಿ.”

ತಂದೆ ರಾಯಪ್ಪ ನಿವೃತ್ತ ಬಸ್ ಚಾಲಕರು. ಬಬಲೇಶ್ವರದ ಮೇಲೆ ನಿಡೋಣಿಗೆ ಹೋಗುವ ವಸ್ತಿ ಬಸ್ಸು ಬಹುಕಾಲ ಅವರದೇ ಆಗಿತ್ತು. ರಾತ್ರಿ ಊರಲ್ಲೇ ಮಲಗಿ ನಸುಕಿಗೆ ಮೊದಲ ಗಾಡಿಯಾಗಿ ಹೊರಡುವ ಕೆಲಸ. ಅವರಿಗೆ ಮಗಳ ಗೊಂದಲವೇ ತಿಳಿಯುತ್ತಿಲ್ಲ. “ಕ್ಯಾಪ್ಟನ್ ಆಗೂದೇನ ಬಂತು? ಈಗೂ ನೀನ ಡ್ರೈವರ್ ಅಲ್ಲೇನ?”

ಅದಕ್ಕೊಂದು ಕಾರಣವಿದೆ. ಮಗಳು ಕೆಲಸಕ್ಕೆ ಸೇರಿದಾಗ ಕಳಿಸಿದ ಫೋಟೊದಲ್ಲಿ ಬಲಗಡೆಯ ಕುರ್ಚಿಯಲ್ಲಿ ಕುಳಿತಿದ್ದರು. ಬಸ್ಸಿನಲ್ಲಿ ಬಲಗಡೆ ಕೂರುವವನೇ ಚಾಲಕ. ರಾಯಪ್ಪ ಆ ಫೋಟೊ ಹಿಡಿದು ತಿಕೋಟಾದಿಂದ ನಿಡೋಣಿವರೆಗೆ ಸಾರಿ ಬಂದಿದ್ದರು. ಅವರ ಸಂಭ್ರಮ ನೋಡಿ, ತಿದ್ದಲು ಮಗಳಿಗೆ ಮನಸ್ಸಾಗಿರಲಿಲ್ಲ. ಇವತ್ತು ಹೇಳಲೇಬೇಕಾಗಿದೆ.

“ಅಪ್ಪಾ, ವಿಮಾನದಾಗ ಕ್ಯಾಪ್ಟನ್ ಎಡಕ್ಕ ಕುಂದರತಾರ.”

“ಮತ್ತ ಬಲಕ್ಕ?”

“ನಾನು. ನಾನೂ ಹಾರಸ್ತೀನಿ. ಆದ್ರ ಮಂಜ ಬಿದ್ರ ಇಳಸಬೇಕೋ ವಾಪಸ್ ತಿರಗಬೇಕೋ ಅನ್ನೂ ಕಡೀ ಮಾತು ಎಡಗಡಿಯವ್ರದು.”

“ಜಿಲ್ಲಾಕ್ಕೆಲ್ಲಾ ಹೇಳಿ ಬಂದಾರ ನೋಡ್ರಿ ಇವರು,” ಚಂದ್ರಾಬಾಯಿ ನನ್ನ ಕಡೆ ತಿರುಗುತ್ತಾರೆ. “ಮಗಳ ನೋಡಿದ್ರ ಕ್ಲೀನರ್!”

ನಗು ನಿಂತ ಮೇಲೆ ರಾಯಪ್ಪ ಡೋಣಿ ಹೊಳೆಯ ಮಾತು ತೆಗೆಯುತ್ತಾರೆ. ಸಾರವಾಡದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದ ಒಂದು ಸಂಜೆ ಅವರು ಬಸ್ ನಿಲ್ಲಿಸಿಬಿಟ್ಟಿದ್ದರಂತೆ.

“ಬಸ್ಸಿನ ಮಂದಿಯೆಲ್ಲಾ ಬೈದ್ರು. ಹೆಣಮಕ್ಕಳಂತೂ ‘ಏನ್ ಅಂಜಬುರುಕ ಅದಾನ್ರೀ ಇಂವಾ’ ಅಂದ್ರು. ನೀರು ಮೊಣಕಾಲ ಮಟಾನೂ ಇರಲಿಲ್ಲ. ದಾಟತಿತ್ತೋ ಏನೋ, ನನಗ ಇವತ್ತಿಗೂ ಗೊತ್ತಿಲ್ಲ. ಆದ್ರ ಅವತ್ತ ನಾ ಖರೇ ಡ್ರೈವರ್ ಆದೆ ನೋಡವ್ವಾ. ಹೋಗ, ಎಡಕ್ಕ ಕುಂದರ. ದೊಡ್ಡದು ಆಮ್ಯಾಲ ನೋಡೂಣು.”

ಭಾನುವಾರ ಸಂಜೆ ದಾನೇಶ್ವರಿ ದೊಡ್ಡ ಕಂಪನಿಗೆ ಒಲ್ಲೆನೆಂದು ಬರೆಯುತ್ತಾರೆ. ಕಳಿಸುವ ಮುನ್ನ ಬೆರಳು ಒಂದು ಕ್ಷಣ ತಡೆಯುತ್ತದೆ. ಆ ಕಂಪನಿ ಮತ್ತೆ ಕರೆಯದೇ ಇರಬಹುದು. ಆದರೂ ಕಳಿಸಿಬಿಡುತ್ತಾರೆ.

“ಅಂಜಿಕಿ ಆಗಂಗಿಲ್ಲೇನ್ರಿ?” ಎನ್ನುತ್ತೇನೆ.

“ಆಗತೈತ್ರಿ,” ಎನ್ನುತ್ತಾರೆ, ಫೋನನ್ನು ಮಗ್ಗುಲಲ್ಲಿ ಬೋರಲು ಇಡುತ್ತ. “ಆದ್ರ ನಾನೂ ಒಮ್ಮಿ ಬೈಸ್ಕೋಬೇಕ್ರಿ. ಮಂಜ ಬಿದ್ದಿರಬೇಕು, ನಾ ವಿಮಾನ ತಿರಗಿಸಿ ಎಪ್ಪತ್ತೂ ಮಂದಿನ್ನ ವಾಪಸ್ ಕರಕೊಂಡ ಬಂದಿರಬೇಕು. ಅವರು ಬೈಕೋತ ಮನಿಗೆ ಹೋಗಬೇಕು. ಅಷ್ಟ ಆದ್ರ ಸಾಕು.”